ಕಲಗಚ್ಚಿನಲ್ಲಿ ನೆನೆದ ಟೈಲ್ಸು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಡಂತ್ಯಾರಿನ ಆ ಹೋಟೆಲಿನಲ್ಲಿ ಟೈಲ್ಸು ಬಿದ್ದದ್ದು ನನ್ನಿಂದ. ಗೋಡೆಯ ತಪ್ಪಲ್ಲ, ಹೊಯ್ಗೆಯ, ಅಂದರೆ ಮರಳಿನ, ತಪ್ಪಲ್ಲ, ಸಿಮೆಂಟಿನದ್ದಲ್ಲ, ಎದುರು ಅಂಗಡಿಯವರ ಕಣ್ಣು ತಾಗಿದ್ದೂ ಅಲ್ಲ. ಗೋಡೆಗೆ ಹಚ್ಚುವ ಮೊದಲು ಶುದ್ಧ ನೀರಿನಲ್ಲಿ ನೆನೆಸಬೇಕಾಗಿದ್ದ ಬಿಳಿ ಪಿಂಗಾಣಿ ಟೈಲ್ಸನ್ನು ನಾನು ಎಮ್ಮೆಗೆಂದು ಇಟ್ಟ ಕಲಗಚ್ಚಿನ ಮರಿಗೆಯಲ್ಲಿ ಮುಳುಗಿಸಿದೆ. ಗೊತ್ತಿಲ್ಲದೆ ಮಾಡಿದ್ದಾದರೆ ಕ್ಷಮಿಸಬಹುದಿತ್ತು. ನಾನು ಬುದ್ಧಿ ಉಪಯೋಗಿಸಿ ಮಾಡಿದೆ. ಪೆದ್ದನಿಗೆ ಇಂಥ ಕೆಲಸ ಹೊಳೆಯುವುದೇ ಇಲ್ಲ. ಅದಕ್ಕೆ ನನ್ನ ಹಾಗೆ ಸ್ವಲ್ಪ ಚುರುಕಿನವನೇ ಬೇಕು.

ಇದು ನಡೆದು ಮೂರು ವರ್ಷವಾಯಿತು. ಆಗ ನನಗೆ ಇಪ್ಪತ್ತೊಂದು. ಊರವರು ನನ್ನನ್ನು ಕರೆಯುತ್ತಿದ್ದದ್ದು ಕೆಲಸಕ್ಕಲ್ಲ, ಅಣಕಕ್ಕೆ. ಬೆಳ್ತಂಗಡಿ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಊರ ಹೆಸರು ಕೂಗುವುದು, ಪೋಸ್ಟ್ ಮಾಸ್ಟರರು ಅಂಚೆಚೀಟಿಯ ಬೆನ್ನು ನೆಕ್ಕಿ ಮುಖ ಹುಳಿ ಮಾಡುವುದು, ಪಾಯಸ ಬೇಡ ಬೇಡ ಅನ್ನುತ್ತ ಎಲೆಯನ್ನು ಮುಂದೆ ತಳ್ಳುವ ದೊಡ್ಡಪ್ಪ, ಎಲ್ಲರೂ ನನ್ನ ಗಂಟಲಿನಲ್ಲಿ ಬಿಡಾರ ಹೂಡಿದ್ದರು. ಸಿಕ್ಕದಿದ್ದವರು ಒಬ್ಬರೇ, ನನ್ನ ತಾಯಿಯ ಅಣ್ಣ, ನನ್ನ ಮಾವ. ಅವರು ಮಾತಾಡುವುದೇ ಕಡಿಮೆ. ಬಾಯಿ ಮುಚ್ಚಿಕೊಂಡವರನ್ನು ಅಣಕಿಸುವ ವಿದ್ಯೆ ನನಗೆ ಇನ್ನೂ ಬಂದಿಲ್ಲ.

ಮಾವ ಗಾರೆ ಮೇಸ್ತ್ರಿ. ಸುಣ್ಣ ಅರೆದು, ಬೆಲ್ಲದ ನೀರು ಹೊಯ್ದು, ಮರದ ತೊಗಟೆ ನೆನೆಸಿದ ಲೋಳೆ ಸೇರಿಸಿ ಅವರು ಮಾಡಿದ ಸಾರಣೆಗೆ ಮೊಳೆ ಹೊಡೆದರೆ ಗೋಡೆಗೆ ಏನೂ ಆಗುವುದಿಲ್ಲ, ಮೊಳೆ ಬಗ್ಗುತ್ತದೆ. ಬಂಟ್ವಾಳದಿಂದ ಮೂಡಬಿದಿರೆಯವರೆಗೆ ಅವರ ಕೈಗುಣ ಹೊಗಳದ ಹಳೆ ಮನೆಗಳಿಲ್ಲ. ಆದರೆ ಹೊಸ ಮನೆ ಕಟ್ಟುವವರೆಲ್ಲ ಸಿಮೆಂಟು ಅನ್ನತೊಡಗಿದ್ದರು. ಎರಡು ವರ್ಷದಿಂದ ಒಬ್ಬರೂ ಸುಣ್ಣದ ಕೆಲಸಕ್ಕೆ ಕರೆದಿರಲಿಲ್ಲ. ಐವತ್ತೈದು ದಾಟಿದ ಮಾವನಿಗೆ ಸಿಮೆಂಟು, ಟೈಲ್ಸು ಒಲಿಯದಿದ್ದರೆ ಕರಣೆಯನ್ನು ಅಟ್ಟಕ್ಕೆ ಹಾಕಿ ಕೂರಬೇಕಿತ್ತು, ಅಷ್ಟೇ.

ಆ ಹೊತ್ತಿಗೆ ನಾನು ಮಂಗಳೂರಿನಲ್ಲಿ ಆರು ವಾರ ಇದ್ದು ಬಂದೆ. ಅಲ್ಲೊಂದು ಕಟ್ಟಡದ ಗೋಡೆಗೆ ಬಿಳಿ ಟೈಲ್ಸು ಹಚ್ಚುತ್ತಿದ್ದರು. ನಾನು ಅದನ್ನು ಹೊತ್ತು ತಂದು ಕೊಡುತ್ತಿದ್ದೆ. ಹಚ್ಚುವುದನ್ನು ದೂರದಿಂದ ನೋಡಿದ್ದೆ, ಹಚ್ಚುವವನ ಕೆಮ್ಮನ್ನು ಹತ್ತಿರದಿಂದ ಕಲಿತಿದ್ದೆ. ಊರಿಗೆ ಬಂದವನೇ ಕೆಮ್ಮಿ ಹೇಳಿದೆ, "ಟೈಲ್ಸಾ? ಅದೆಂತ ದೊಡ್ಡ ಸಂಗತಿ ಮಾವ. ಮೊದಲ ದಿನ ನೀರಲ್ಲಿ ನೆನೆಸುದು, ಮರುದಿನ ಹಿಂದೆ ಸಿಮೆಂಟು ಮೆತ್ತಿ ಹಚ್ಚುದು."

ಮಾವ ನಂಬಿದರು. ನನ್ನನ್ನು ನಂಬಿದ ಕೊನೆಯ ಮನುಷ್ಯ ಅವರೇ ಇರಬೇಕು.

ಮಡಂತ್ಯಾರಿನ ಹೋಟೆಲಿನ ಧನಿ ಕೈ ತೊಳೆಯುವಲ್ಲಿನ ಗೋಡೆಗೆ ಟೈಲ್ಸು ಹಾಕಿಸಲು ಹೊರಟಿದ್ದರು. ಆ ಗೋಡೆಯ ಬಗ್ಗೆ ಬರೆಯುವಾಗ ಈಗಲೂ ನನಗೆ ಊಟ ಸೇರುವುದಿಲ್ಲ. ನಮ್ಮವರು ಉಂಡು ಬಂದು ಬಾಯಿ ತುಂಬ ನೀರು ತುಂಬಿಸಿ, ತಲೆ ಮೇಲೆತ್ತಿ, ಗಂಟಲಿನಲ್ಲಿ ಗಿರಣಿ ನಡೆಸಿ, ಗೋಡೆಗೇ ಗುರಿಯಿಟ್ಟು ಉಗಿಯುತ್ತಾರೆ. ಮೂಗು ಸೀಟಿದ ಬೆರಳು ಗೋಡೆಗೆ. ಎಲೆಗೆ ಹಚ್ಚಿ ಉಳಿದ ಸುಣ್ಣದ ಬೆರಳು ಗೋಡೆಗೆ. ಎಣ್ಣೆಯ ಕೈಯನ್ನು ನೀರಿಗೆ ತೋರಿಸಿದ ಶಾಸ್ತ್ರ ಮಾಡಿ ಒರೆಸುವುದೂ ಗೋಡೆಗೇ. ಮೇಲೆ ಬಿಳಿ ಗೀರು, ನಡುವೆ ಕೆಂಪು ಹೊಳೆ, ಕೆಳಗೆ ಹಸಿರು ಪಾಚಿ. ಅದರ ಮೇಲೆ ಅನ್ನದ ಅಗುಳು ಒಣಗಿ ಹಲ್ಲಿನ ಹಾಗೆ ನಿಂತಿರುತ್ತಿತ್ತು. ಉಗಿಯುವವರಲ್ಲಿ ಹನ್ನೆರಡು ಜಾತಿ ಗುರುತಿಸಿ ಪ್ರತಿಯೊಬ್ಬರ ಗಂಟಲಿನ ಸದ್ದನ್ನು ನಾನು ಮಾಡಿ ತೋರಿಸುತ್ತಿದ್ದೆ. ಜನ ಉಣ್ಣುತ್ತಲೇ ನಗುತ್ತಿದ್ದರು, ಉಂಡು ಬಂದು ಅದನ್ನೇ ಮಾಡುತ್ತಿದ್ದರು.

ಗೋಡೆ ಚಿಕ್ಕದು. ಮಾವ ಅದನ್ನು ಒಪ್ಪಿದ್ದು ಬೆಳುವಾಯಿಯ ಮನೆಗಾಗಿ. ಅಲ್ಲಿಯ ಜೈನ ಮನೆತನದ ಹಿರಿಯರೊಬ್ಬರು ಹೊಸ ಬಚ್ಚಲುಕೋಣೆಗೆ ನೆಲದಿಂದ ಮಾಡಿನವರೆಗೆ ಟೈಲ್ಸು ಹಾಕಿಸುವವರಿದ್ದರು. ಮಾವ ಅಲ್ಲಿಗೆ ಹೋಗಿ ಕೇಳಿದಾಗ ಅವರು, "ಹೋಟೆಲಿನ ಗೋಡೆ ಮುಗಿಯಲಿ. ನಾನು ಬಂದು ನೋಡ್ತೇನೆ, ಮತ್ತೆ ಹೇಳ್ತೇನೆ" ಅಂದಿದ್ದರು. ಬೆಳುವಾಯಿಯ ಮನೆಯಲ್ಲಿ ಹಿಡಿಸಿದರೆ ಉಳಿದವರೂ ಕರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಮಾವ ಆ ವಾರ ಕ್ಷೌರ ಮಾಡಿಸಿಕೊಂಡು ಕೆಲಸಕ್ಕೆ ಬಂದರು.

ಅದು ಪಗ್ಗು ತಿಂಗಳ, ಏಪ್ರಿಲ್ ಕೊನೆಯ ಬಿಸಿಲು. ಹೋಟೆಲಿನ ಬಾವಿಯಲ್ಲಿ ಕೊಡಪಾನ ಇಳಿಸಿದರೆ ಕೆಸರು ಬರುತ್ತಿತ್ತು. ಮಾವ ಹೊಯ್ಗೆ ತರಲು ಬಂಟ್ವಾಳಕ್ಕೆ ಹೊರಟವರು, "ಟೈಲ್ಸನ್ನು ತೋಡಿಗೆ ತಕ್ಕೊಂಡು ಹೋಗಿ ಒಳ್ಳೆ ನೀರಲ್ಲಿ ನೆನೆಸು" ಅಂದರು. ತೋಡು ಎಂದರೆ ನೀರಿನ ಹಳ್ಳ, ಆ ಸೆಕೆಯಲ್ಲಿ ಅರ್ಧ ಮೈಲು. ನಾನು ಧನಿಗಳ ಹತ್ತಿರ ಹೋಗಿ ಕುಡಿಯುವ ನೀರಿನ ಡ್ರಮ್ಮಿನಿಂದ ನಾಲ್ಕು ಕೊಡ ಕೇಳಿದೆ.

"ಕುಡಿಯುವ ನೀರಾ? ಸ್ನಾನ ಮಾಡಿಸ್ಲಿಕ್ಕೆ ನಿನ್ನ ಟೈಲ್ಸು ಎಂತ ಮದುಮಗಳಾ?"

ಹಿತ್ತಿಲಿನಲ್ಲಿ ಕಲ್ಲಿನ ಮರಿಗೆ ಇತ್ತು. ಅಕ್ಕಿ ತೊಳೆದದ್ದು, ಗಂಜಿಯ ತೆಳಿ, ಸಾಂಬಾರಿನ ತಳ, ದೋಸೆ ಹಿಟ್ಟಿನ ಪಾತ್ರೆ ಗಲಬರಿಸಿದ್ದು ಎಲ್ಲ ಅದಕ್ಕೇ ಹೋಗುತ್ತಿತ್ತು. ಹತ್ತಿರದ ಮನೆಯವರು ಎಮ್ಮೆಗಳಿಗೆಂದು ಒಯ್ಯುತ್ತಿದ್ದರು. ಮೇಲೆ ಬೂದುಬಣ್ಣದ ಕೆನೆ ಕಟ್ಟಿ, ಅದರಲ್ಲಿ ಎಣ್ಣೆ ಕಣ್ಣು ಬಿಟ್ಟಿತ್ತು. ಗುಳ್ಳೆಯೊಂದು ನಿಧಾನ ಎದ್ದು, ಆಲೋಚನೆ ಮಾಡಿ, ಒಡೆಯುತ್ತಿತ್ತು. ಅದನ್ನು ನೋಡುತ್ತ ನಿಂತಾಗಲೇ ನನಗೆ ಬುದ್ಧಿ ಬಂದದ್ದು. ಮಾವನ ಗಾರೆಗೆ ಬೆಲ್ಲದ ನೀರು, ಲೋಳೆ ಸೇರಿದರೆ ಗೋಡೆ ಕಲ್ಲಾಗುತ್ತದೆ. ಇಲ್ಲಿ ಗಂಜಿ ಉಂಟು, ಲೋಳೆ ಉಂಟು, ಬೆಲ್ಲವೂ ಸ್ವಲ್ಪ ಉಂಟು. ಬರೀ ನೀರಿನಲ್ಲಿ ನೆನೆಸುವ ಮಂಗಳೂರಿನವರಿಗೆ ಈ ಉಪಾಯ ಹೊಳೆದಿಲ್ಲ, ಪಾಪ.

ಮೊಣಕೈವರೆಗೆ ಕೈ ಹಾಕಿ ಒಂದೊಂದಾಗಿ ಇಳಿಸಿದೆ. ತಳದಲ್ಲಿ ಬೆರಳಿಗೆ ಏನೇನೋ ಮೆತ್ತಗೆ ತಾಗಿತು. ಅದು ಏನೆಂದು ನಾನು ವಿಚಾರಿಸಲಿಲ್ಲ.

ಮರುದಿನ ಮಾವ ಬರುವ ಮೊದಲೇ ತೆಗೆದು ಬಟ್ಟೆಯಿಂದ ಒರೆಸಿ ಸಾಲಾಗಿ ಇಟ್ಟಿದ್ದೆ. "ನೆನೆಸಿದ್ದೀಯಾ?" ಅಂದರು. "ಚಂದ ಮಾಡಿ" ಅಂದೆ. ಸಂಜೆಯೊಳಗೆ ಗೋಡೆ ಬೆಳ್ಳಗಾಯಿತು. ಧನಿಗಳು ಅದರಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಂಡರು.

ಮೂರನೆಯ ದಿನ ಮಧ್ಯಾಹ್ನ ಒಬ್ಬರು ತಲೆ ಮೇಲೆತ್ತಿ ಗಂಟಲಿನ ಗಿರಣಿ ಸುರು ಮಾಡಿದರು. ಮೇಲಿನ ಸಾಲಿನ ಒಂದು ಟೈಲು ಮೆಲ್ಲನೆ ಮುಂದೆ ಬಾಗಿ ಅವರ ಹೆಗಲಿಗೆ ಬಿತ್ತು. ಅವರು ಹೆದರಿ ಬಾಯಲ್ಲಿದ್ದದ್ದನ್ನು ಗೋಡೆಯ ಬದಲು ಪಕ್ಕದವರಿಗೆ ಉಗಿದರು. ಪಕ್ಕದವರು ಒಂದು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಬೆನ್ನು ಕೊಟ್ಟರು. ಇನ್ನೈದು ಬಿದ್ದವು.

ಮಾವ ಉಳಿದವನ್ನು ಕರಣೆಯ ಹಿಡಿಯಿಂದ ತಟ್ಟುತ್ತ ಹೋದರು. ಟೊಳ್ಳು, ಟೊಳ್ಳು, ಟೊಳ್ಳು. ಬೆರಳು ಹಾಕಿ ಎಳೆದರೆ ಪೊರೆ ಸುಲಿದ ಹಾಗೆ ಕೈಗೆ ಬಂದವು. ಸಿಮೆಂಟು ಗೋಡೆಯಲ್ಲೇ ಉಳಿದಿತ್ತು, ಟೈಲಿನ ಬೆನ್ನಿಗೆ ಒಂದು ಕಾಳಿನಷ್ಟೂ ಹತ್ತಿರಲಿಲ್ಲ. ಮಾವನ ಮೊದಲ ಗುಮಾನಿ ಹಳೆಯ ಗೋಡೆಯ ಮೇಲೆ. ಎಣ್ಣೆ ಕುಡಿದ ಗೋಡೆ ತಾನೇ ಅಲುಗಿ ಎಲ್ಲವನ್ನೂ ಸಡಿಲಿಸಿತೋ ಏನೋ ಅಂದುಕೊಂಡು ಸಾರಣೆಯನ್ನೆಲ್ಲ ಕೆತ್ತಿ ತೆಗೆಯಲು ಕೂತರು.

ಕೆತ್ತುವ ಕೆಲಸ ಇಬ್ಬರದ್ದು. ವರ್ಷಗಳ ಎಂಜಲು ಪದರ ಪದರವಾಗಿ ಎದ್ದು ಬಂತು. ಒಳಗೆ ಒಂದು ನಾತ ಕಾದು ಕೂತಿತ್ತು, ಹಳಸಿದ ಮೊಸರಿನಲ್ಲಿ ಒದ್ದೆ ನಾಯಿ ಮಲಗಿದ ಹಾಗೆ. ಬಿರುಕಿನಿಂದ ಜಿರಲೆಗಳು ಮೀಸೆ ಆಡಿಸುತ್ತ ಹೊರಗೆ ಬಂದು ನನ್ನ ತೋಳಿನ ಮೇಲೆ ನಡೆದವು. ಧೂಳು ಬಾಯಿಗೆ ಹೋಯಿತು. ಮಡಂತ್ಯಾರಿನ ಅರ್ಧ ಜನರ ಎಂಜಲು ನನ್ನ ಹೊಟ್ಟೆಯಲ್ಲಿ ಉಂಟು. ಯಾರೊಡನೆಯೂ ಇಷ್ಟು ಹತ್ತಿರದ ಸಂಬಂಧ ನನಗೆ ಬೇಕಿರಲಿಲ್ಲ.

ಕೆಂಪು ಕಲ್ಲು ಕಾಣುವವರೆಗೆ ಕೆತ್ತಿ, ಹೊಸ ಸಾರಣೆ ಮಾಡಿ, ವಾರ ಬಿಟ್ಟು, ಟೈಲ್ಸು ಪುನಃ ಹಚ್ಚಿದೆವು. ನೆನೆಸಿದ್ದು ಪುನಃ ನಾನೇ, ಪುನಃ ಮರಿಗೆಯಲ್ಲೇ. ನನ್ನ ಉಪಾಯದ ಮೇಲೆ ನನಗೆ ಇನ್ನೂ ಸಂಶಯ ಬಂದಿರಲಿಲ್ಲ. ಕಲಗಚ್ಚು ಸಾಲದೆ ಬಿದ್ದಿರಬೇಕು ಅಂದುಕೊಂಡು ಈ ಸಲ ಒಂದೂವರೆ ದಿನ ಇಟ್ಟೆ. ಮರಿಗೆಯಲ್ಲಿ ಆಗ ಬಿಳಿ ಹುಳಗಳೂ ಇದ್ದವು. ಅವು ಟೈಲಿನ ಬೆನ್ನ ಮೇಲೆ ಈಜು ಕಲಿಯುತ್ತಿದ್ದವು.

ನಾಲ್ಕು ದಿನಕ್ಕೆ ಎರಡನೆಯ ಸಲ ಬಿತ್ತು. ಈ ಸಲ ಯಾರೂ ಕೆಮ್ಮಲೂ ಇಲ್ಲ, ತಾನಾಗಿ ಬಿತ್ತು. ಟೈಲು ಬಿದ್ದ ಜಾಗದಲ್ಲಿ ಸಿಮೆಂಟು ಕನ್ನಡಿಯ ಹಾಗೆ ನುಣ್ಣಗೆ ಗಟ್ಟಿಯಾಗಿತ್ತು. ಅದರ ನಡುವೆ, ನರ ನರ ಎಣಿಸುವ ಹಾಗೆ, ಒಂದು ಬೇವಿನಸೊಪ್ಪಿನ ಅಚ್ಚು. ಒಗ್ಗರಣೆಗೆ ಹಾಕುವ ಬೇವಿನಸೊಪ್ಪು.

ಮಾವ ಬಗ್ಗಿ ನೋಡಿದರು. "ಇದು ಎಂತ?"

"ಡಿಸೈನು ಮಾವ. ಕಂಪೆನಿಯವರು ಹಿಂದೆ ಹಾಕಿರ್ತಾರೆ."

ಬಾಯಿ ಹೀಗೆ ಹೇಳಿತು, ಹೊಟ್ಟೆಗೆ ಸತ್ಯ ಗೊತ್ತಾಯಿತು. ಹಿತ್ತಿಲಿಗೆ ಹೋಗಿ ಬಿದ್ದ ಟೈಲಿನ ಬೆನ್ನನ್ನು ಉಗುರಿನಲ್ಲಿ ಗೀರಿದೆ. ಉಗುರಿನ ಸಂದಿಗೆ ಜಿಡ್ಡು ಬಂತು, ಮೂಗಿಗೆ ಹಿಡಿದರೆ ಅದೇ ಹುಳಿ ನಾತ. ಗಂಜಿಯೂ ಎಣ್ಣೆಯೂ ಸೇರಿ ಟೈಲಿಗೆ ಒಳಂಗಿ ಹೊಲಿದುಕೊಟ್ಟಿದ್ದವು. ಸುಣ್ಣ ಬೇರೆ ಜಾತಿ, ಸಿಮೆಂಟು ಬೇರೆ ಜಾತಿ; ಒಂದಕ್ಕೆ ಊಟವಾದದ್ದು ಇನ್ನೊಂದಕ್ಕೆ ವಿಷ. ಇಷ್ಟು ತಿಳಿಯಲು ನನಗೆ ಎರಡು ಗೋಡೆ ಬೇಕಾಯಿತು.

ಆಗಲೇ ಹೇಳಬೇಕಿತ್ತು. ಹೇಳಿದರೆ ಮಂಗಳೂರಿನ ನನ್ನ ಆರು ವಾರ ಕೆಳಗೆ ಬೀಳುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಊರು ಬಾಯಿ ತೆರೆಯಿತು.

"ಮೇಸ್ತ್ರಿಯ ಕೈಗುಣ ಹೋಗಿದೆ ಮಾರಾಯ. ವಯಸ್ಸಾಯ್ತಲ್ಲ."

"ಕೈಗುಣ ಅಂದ್ರೆ ಹಾಗೇ. ಬರುವಾಗ ಹೇಳುದಿಲ್ಲ, ಹೋಗುವಾಗ ಹೇಳುದಿಲ್ಲ."

"ಲಿಂಬೆಹುಳಿ ಕಟ್ಟಿ ನೋಡ್ಲಿಕ್ಕೆ ಹೇಳುವ."

ಧನಿಗಳು ಲಿಂಬೆಹುಳಿ ಕಟ್ಟಿಯೂ ಬಿಟ್ಟರು. ಹೀಗೆ ಹೇಳುವವರೆಲ್ಲ ಬಾಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದರು. ಹೇಳಿ ಮುಗಿಸಿದ್ದಕ್ಕೆ ಗುರುತಾಗಿ ಮಾವನ ಹಸಿ ಸಾರಣೆಗೇ ಉಗಿದು ಹೋಗುತ್ತಿದ್ದರು. ನನಗೆ ಅವರ ಮೇಲೆ ಹೇಸಿಗೆ ಹುಟ್ಟುತ್ತಿತ್ತು. ಆದರೆ ಆ ಮಾತುಗಳನ್ನು ಹುಟ್ಟಿಸಿದ ಮರಿಗೆ ನಾನೇ ಅಲ್ಲವೇ. ಅವರು ಉಗಿದದ್ದನ್ನು ನೀರು ಹಾಕಿ ತೊಳೆಯಬಹುದಿತ್ತು.

ಮಾವ ಸಾಮಾನನ್ನೇ ಒಂದೊಂದಾಗಿ ಪರೀಕ್ಷಿಸಿದರು. ಹೊಯ್ಗೆಯಲ್ಲಿ ಮಣ್ಣು ಇದ್ದೀತೆಂದು ಎಲ್ಲವನ್ನೂ ತೋಡಿಗೆ ಹೊತ್ತು ಏಳು ನೀರಿನಲ್ಲಿ ತೊಳೆದರು. ಸಿಮೆಂಟು ಹಳತಾಗಿ ಗಂಟು ಕಟ್ಟಿದೆಯೇ ಎಂದು ಚೀಲ ಬಿಚ್ಚಿ ಜರಡಿ ಹಿಡಿದರು, ಆಮೇಲೆ ಹೊಸ ಚೀಲವನ್ನೇ ತರಿಸಿದರು. ಎಲ್ಲ ಸರಿ ಇತ್ತು. ಎಲ್ಲ ಸರಿ ಇದ್ದಷ್ಟೂ ಅವರ ಮುಖ ಇಳಿಯುತ್ತಿತ್ತು. ಒಂದು ಸಂಜೆ ಅಂಗಳದ ತುದಿಯಲ್ಲಿ ಕೂತು ತಮ್ಮ ಬಲಗೈಯನ್ನು ಆಚೆ ಈಚೆ ತಿರುಗಿಸಿ ನೋಡುತ್ತಿದ್ದರು, ಬೇರೆ ಯಾರದ್ದೋ ಕೈ ಅನ್ನುವ ಹಾಗೆ.

"ಸುಣ್ಣದಲ್ಲಿ ಬೆಳೆದ ಕೈ ಅಲ್ವಾ" ಅಂದರು. "ಸಿಮೆಂಟಿಗೆ ಒಗ್ಗುದಿಲ್ಲವೋ ಏನೋ."

ಅಷ್ಟು ಮಾತಿಗೇ ನನಗೆ ಮೈಮೇಲೆ ಹುಳ ಹರಿದ ಹಾಗಾಯಿತು. ಮರುದಿನ ಬೆಳಗ್ಗೆ ಬುಟ್ಟಿಯಲ್ಲಿ ಹಿಡಿಸಿದಷ್ಟು, ಇಪ್ಪತ್ತು ಟೈಲ್ಸು, ತೋಡಿಗೆ ಒಯ್ದೆ. ಬೂದಿ ಹಾಕಿ ತೆಂಗಿನ ನಾರಿನಲ್ಲಿ ಬೆನ್ನು ಉಜ್ಜಿದೆ. ಜಿಡ್ಡು ಎದ್ದು ನೀರಿನಲ್ಲಿ ಬಣ್ಣ ಬಣ್ಣವಾಗಿ ಹರಡಿತು. ಮೀನುಗಳು ಬಂದು ಮೂಸಿ ಹಿಂದೆ ಹೋದವು. ಉಳಿದದ್ದನ್ನು ಇನ್ನೊಂದು ದಿನ ಒಯ್ದು, ಯಾರಿಗೂ ತಿಳಿಯದ ಹಾಗೆ ಎಲ್ಲ ತೊಳೆದು ಮುಗಿಸುವುದು ನನ್ನ ಲೆಕ್ಕ. ಅದೂ ಬುದ್ಧಿಯ ಲೆಕ್ಕವೇ, ಆದ್ದರಿಂದ ಅದೂ ಕೆಟ್ಟಿತು. ಬೆಳುವಾಯಿಯ ಹಿರಿಯರು ಮೂರು ದಿನದಲ್ಲಿ ಬರುತ್ತಾರೆಂದು ಸುದ್ದಿ ಬಂತು. ನಾನು ಮರುದಿನ ಎದ್ದು ಬರುವಷ್ಟರಲ್ಲಿ ಮಾವ ಕೆಲಸ ಸುರು ಮಾಡಿದ್ದರು. ತೊಳೆದ ಇಪ್ಪತ್ತು, ತೊಳೆಯದ ನೂರು, ಎಲ್ಲ ಒಂದೇ ರಾಶಿಯಿಂದ ಗೋಡೆಗೆ ಹೋದವು. ನಾನು ಪಕ್ಕದಲ್ಲಿ ನಿಂತು ಸಿಮೆಂಟು ಕಲಸಿ ಕೊಟ್ಟೆ.

ಹಿರಿಯರು ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಬಿಳಿ ಪಂಚೆ, ಕೊಡೆ, ಮೆಲುದನಿ. ಹೋಟೆಲಿನಲ್ಲಿ ಉಣ್ಣುತ್ತಿದ್ದವರೆಲ್ಲ ಎಂಜಲು ಕೈಯಲ್ಲೇ ಎದ್ದು ಬಂದು ಸುತ್ತ ನಿಂತರು. ಮಾವ ಕರಣೆ ತಿರುಗಿಸಿ ಹಿಡಿದು ತಟ್ಟತೊಡಗಿದರು. ಟೊಳ್ಳು, ಟೊಳ್ಳು. ಒಂದು ಗಟ್ಟಿ. ಟೊಳ್ಳು. ಎರಡು ಗಟ್ಟಿ. ಮೂಲೆಯ ಟೈಲೊಂದು ತಟ್ಟಿದ್ದಕ್ಕೇ ಜಾರಿ ನೀರಿನ ಕಟ್ಟೆಯಲ್ಲಿ ಕೂತಿತು.

"ಕಂಡಿರಲ್ಲ" ಅಂದರು ಧನಿಗಳು ಹಿರಿಯರಿಗೆ. "ಮೂರನೇ ಸಲ."

ಮಾವ ಕರಣೆಯನ್ನು ಕೆಳಗೆ ಇಟ್ಟರು. "ನನ್ನ ಕೈಗೆ ಆಗುದಿಲ್ಲ ಸ್ವಾಮಿ. ನಿಮ್ಮ ಬಚ್ಚಲಿಗೆ ನೀವು ಮಂಗಳೂರಿನವರನ್ನೇ ಕರೆಸಿ."

ಅದನ್ನು ಕೇಳಿ ನಿಲ್ಲಲು ನನ್ನಿಂದಾಗಲಿಲ್ಲ. ಹೇಳಿಬಿಡುವ ಎಂದು ಬಾಯಿ ತೆರೆದೆ. ಹೆದರಿದಾಗ ನನ್ನ ಗಂಟಲಿನಿಂದ ನನ್ನ ದನಿ ಬರುವುದಿಲ್ಲ, ಅಲ್ಲಿ ಬಿಡಾರ ಹೂಡಿದವರಲ್ಲಿ ಬಾಗಿಲ ಹತ್ತಿರ ಯಾರಿದ್ದಾರೋ ಅವರದ್ದು ಬರುತ್ತದೆ. ಬಂದದ್ದು ಧನಿಗಳದ್ದು, ಮೀಸೆ ತಿರುವುವ ಆ ಎಳೆತ ಸಮೇತ: "ಕುಡಿಯುವ ನೀರು ಕೊಡುದಿಲ್ಲ ಅಂದದ್ದಕ್ಕೆ ಟೈಲ್ಸನ್ನು ಕಲಗಚ್ಚಿನಲ್ಲಿ ನೆನೆಸಿದ್ದು ಇವನೇ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಧನಿಗಳೂ ನಕ್ಕು, "ನನ್ನ ಹಾಗೇ ಉಂಟು ನೋಡಿ, ಹಾಳಾದವ" ಅಂದರು.

"ತಮಾಷೆ ಅಲ್ಲ, ನಿಜ" ಅಂದೆ. ಅದು ಪೋಸ್ಟ್ ಮಾಸ್ಟರರ ದನಿಯಲ್ಲಿ ಬಂತು. ಮತ್ತೂ ನಕ್ಕರು. ಒಬ್ಬರು ಕಂಡಕ್ಟರನದ್ದೂ ಆಗಲಿ ಅಂದರು. ಇಡೀ ಜೀವಮಾನದಲ್ಲಿ ಒಂದು ಸತ್ಯ ಹೇಳಹೊರಟರೆ ಅದಕ್ಕೆ ಹಾಕಿಕೊಳ್ಳಲು ನನ್ನದೇ ಒಂದು ದನಿ ಇರಲಿಲ್ಲ. ಅಷ್ಟು ಅಸಹ್ಯವನ್ನು ನಾನು ಆ ಮರಿಗೆಯಲ್ಲೂ ಕಂಡಿರಲಿಲ್ಲ.

ನಗದಿದ್ದವರು ಮಾವ ಒಬ್ಬರು. ನನ್ನ ಕಡೆ ತಿರುಗಿ, "ಯಾವ ಟೈಲ್ಸು?" ಅಂದರು.

"ಎಲ್ಲ. ಇಪ್ಪತ್ತು ಬಿಟ್ಟು. ಇಪ್ಪತ್ತನ್ನು ಮೊನ್ನೆ ತೋಡಿನಲ್ಲಿ ತೊಳೆದೆ." ಈ ಸಲ ಯಾರ ದನಿ ಬಂತೋ ಗೊತ್ತಿಲ್ಲ, ಯಾರೂ ನಗಲಿಲ್ಲ.

ಮಾವ ಪೆಟ್ಟಿಗೆಯಲ್ಲಿ ಉಳಿದಿದ್ದ, ನೀರೇ ಕಾಣದ ಹೊಸ ಟೈಲೊಂದನ್ನು ತೆಗೆದು ಅದರ ಬೆನ್ನನ್ನು ನಾಲಿಗೆಗೆ ಮುಟ್ಟಿಸಿದರು. ಸುಣ್ಣದವರು ಎಲ್ಲವನ್ನೂ ನಾಲಿಗೆಯಲ್ಲೇ ಪರೀಕ್ಷೆ ಮಾಡುವುದು. ಟೈಲು ನಾಲಿಗೆಯ ಪಸೆ ಹೀರಿ ಅಲ್ಲೇ ಹಿಡಿದು ನಿಂತಿತು, ಎಳೆದು ಬಿಡಿಸಬೇಕಾಯಿತು. ಆಮೇಲೆ ಕಟ್ಟೆಯಲ್ಲಿ ಬಿದ್ದಿದ್ದ ಟೈಲನ್ನು ಎತ್ತಿ ಅದರ ಬೆನ್ನನ್ನೂ ಮುಟ್ಟಿಸಿದರು. ಅದು ಹಿಡಿಯಲಿಲ್ಲ, ಜಾರಿತು. ಹುಳಗಳು ಈಜಿದ ಬೆನ್ನು ಅದು. ಮಾವ ಮುಖ ಸಿಂಡರಿಸದೆ ಬಾಯಿ ಮುಕ್ಕಳಿಸಿ, ಗೋಡೆಗೆ ಅಲ್ಲ, ಚರಂಡಿಗೆ ಉಗಿದರು. ಆ ಹೋಟೆಲಿನಲ್ಲಿ ಹಾಗೆ ಮಾಡಿದ ಮೊದಲಿಗರು ಅವರೇ ಇರಬೇಕು.

ಮತ್ತೆ ಕರಣೆ ಎತ್ತಿ ಗೋಡೆಯಲ್ಲಿ ಗಟ್ಟಿ ಸದ್ದು ಕೊಟ್ಟ ಟೈಲ್ಸನ್ನು ಮಾತ್ರ ಒಂದೊಂದಾಗಿ ತಟ್ಟುತ್ತ ಹೋದರು. ಹಿರಿಯರು ಬೆರಳು ಮಡಚಿ ಲೆಕ್ಕ ಹಿಡಿದರು. ಇಪ್ಪತ್ತು. ಅದರಲ್ಲಿ ಒಂದರ ಅಂಚಿಗೆ ಮಾವ ಉಳಿ ಇಟ್ಟು ಹೊಡೆದರು. ಟೈಲು ಒಡೆದು ಚೂರಾಯಿತೇ ಹೊರತು ಬಿಡಲಿಲ್ಲ.

"ಕೈ ಅದೇ, ಸಿಮೆಂಟು ಅದೇ, ಗೋಡೆ ಅದೇ" ಅಂದರು ಹಿರಿಯರು. "ಸೋಮವಾರ ಬೆಳುವಾಯಿಗೆ ಬನ್ನಿ ಮೇಸ್ತ್ರಿ. ನಮ್ಮಲ್ಲಿ ಕೆರೆ ತುಂಬ ನೀರುಂಟು." ಆಮೇಲೆ ನನ್ನ ಕಡೆ ತಿರುಗಿ, "ಇವನನ್ನೂ ಕರಕೊಂಡು ಬನ್ನಿ. ನೆನೆಸುವ ಕೆಲಸ ಬಿಟ್ಟು ಬೇರೆ ಏನಾದರೂ ಕೊಡುವ" ಅಂದರು.

ಧನಿಗಳಿಗೆ ಇದು ಸರಿ ಬರಲಿಲ್ಲ. ಅಷ್ಟು ಗಿರಾಕಿಗಳ ಎದುರು ತನ್ನ ಹಿತ್ತಿಲಿನ ಮಾತು ಬಂದು, ಅದನ್ನು ಒಬ್ಬರು ನೆಕ್ಕಿ ಬೇರೆ ತೋರಿಸಿದ್ದಾರೆ. ಅವರ ಕುತ್ತಿಗೆ ಕೆಂಪಾಯಿತು.

"ಮೇಸ್ತ್ರಿ, ನಿಮ್ಮ ಅಳಿಯ ಮಾಡಿದ್ದಕ್ಕೆ ನನ್ನ ಹೋಟೆಲಿಗೆ ಕೆಟ್ಟ ಹೆಸರು ತರ್ಬೇಡಿ. ಇದನ್ನು ನಾನು ನಾಲ್ಕು ಊರಿಗೆ ಹೇಳ್ತೇನೆ, ಕೆಲಸ ಗೊತ್ತಿಲ್ಲದೆ ನಮ್ಮ ಕಲಗಚ್ಚಿಗೆ ದೂರು ಹಾಕಿದ್ರು ಅಂತ. ಹೇಳಿ ನೋಡುವ, ಗೋಡೆ ಹಾಳಾಗುವಂಥಾದ್ದು ಎಂತ ಉಂಟು ನಮ್ಮ ಕಲಗಚ್ಚಿನಲ್ಲಿ?"

ಮಾವ ಕರಣೆಯನ್ನು ಒರೆಸಿ ಚೀಲಕ್ಕೆ ಹಾಕಿ ಹೆಗಲಿಗೇರಿಸಿದರು.

"ಹೆಚ್ಚೇನಿಲ್ಲ ಧನಿ. ನಿಮ್ಮ ಸಾಂಬಾರಿನಲ್ಲಿ ಇಲ್ಲದ್ದೆಲ್ಲ ಅದರಲ್ಲಿ ಉಂಟು."